ಬೆಂಗಳೂರಲ್ಲೇ ಮನೆ ಮಾಡಬಾರ್ದಾ?

ಬೆಳಗ್ಗೆ ನಾಲ್ಕೂಕಾಲಿಗೆಲ್ಲ ಅಪ್ಪ ಎದ್ದಿರುತ್ತಾರೆ. ಅಷ್ಟು ಬೇಗ ಎದ್ದು ಮಾಡುವ ಕೆಲಸ ಅವರಿಗೆ ಈಗ ಏನೂ ಇಲ್ಲ. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು. ಆದರೂ ನನಗಿಂತ ಮೊದಲೇ ಎದ್ದು, ಕಾಫಿಗೆ ನೀರಿಟ್ಟು, ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಟಿಫನ್ ಬಾಕ್ಸ್ ಬ್ಯಾಗಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟುವಾಗ ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿಯುತ್ತಾರೆ. ಟಕ್, ಟಕ್, ಟಕ್. ಮಾತಿಲ್ಲ. ಅಷ್ಟೇ.

ಅಪ್ಪ ಕೆಜಿಎಫ್‌ನ, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್‌ನ, ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಜನರನ್ನು ಶಾಫ್ಟ್ ಅನ್ನುವ ಗಣಿಬಾವಿಯ ಒಳಗೆ ಇಳಿಸುವ, ಮೇಲೆತ್ತುವ ಕೇಜ್, ಅಂದರೆ ಲಿಫ್ಟಿನಂಥ ಪಂಜರ, ಅವರ ಕೈಯಲ್ಲಿತ್ತು. ಆದರೆ ಒಳಗಿರುವ ಕೇಜ್ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಎದುರಿಗೆ ಉಕ್ಕಿನ ಹಗ್ಗ ಸುತ್ತಿದ ದೊಡ್ಡ ಡ್ರಮ್ಮು, ಆಳ ತೋರಿಸುವ ಮುಳ್ಳು, ಕಿವಿಗೆ ಬೆಲ್ಲು. ಓಡುತ್ತಿರುವಾಗ ಒಂದು ಬೆಲ್ ಬಂದರೆ ನಿಲ್ಲಿಸು. ಎರಡು ಬಂದರೆ ಇಳಿಸು. ಮೂರು ಬಂದರೆ ಕೇಜಿನಲ್ಲಿ ಮನುಷ್ಯರಿದ್ದಾರೆ ಅಂತ ಅರ್ಥ. ಅದಿರು ಎತ್ತುವ ವೇಗದಲ್ಲಿ ಮನುಷ್ಯರನ್ನು ಎತ್ತುವ ಹಾಗಿಲ್ಲ. ಮೂರು ಬೆಲ್ ಕೇಳಿದ ಮೇಲೆ ಪಕ್ಕದಲ್ಲಿ ಯಾರು ಮಾತಾಡಿಸಿದರೂ ಅಪ್ಪ ತಿರುಗಿ ನೋಡುತ್ತಿರಲಿಲ್ಲವಂತೆ.

ಆ ಮೂರು ಬೆಲ್ಲನ್ನೇ ಅವರು ದಿನಾ ನನಗೆ ಬಾರಿಸುವುದು.

ಕತ್ತಲಲ್ಲೇ ಸ್ಟೇಷನ್ನಿಗೆ ನಡೆಯುತ್ತೇನೆ. ಬೀದಿಯಲ್ಲಿ ಒಂದೊಂದೇ ಬಾಗಿಲು ತೆರೆಯುತ್ತದೆ. ಕುತ್ತಿಗೆಗೆ ಟವಲ್ ಸುತ್ತಿಕೊಂಡವರು, ಯೂನಿಫಾರಂ ಮೇಲೆ ಸ್ವೆಟರ್ ಹಾಕಿಕೊಂಡವರು, ಐಡಿ ಕಾರ್ಡನ್ನು ಜೇಬಿಗೆ ತುರುಕಿಕೊಂಡು ಓಡುವ ಹುಡುಗರು. ಎಲ್ಲರೂ ಒಂದೇ ದಿಕ್ಕಿಗೆ. ಬೆಂಗಳೂರಿನ ಆಸ್ಪತ್ರೆಗಳ ನರ್ಸ್‌ಗಳು, ಅಪಾರ್ಟ್‌ಮೆಂಟ್ ಗೇಟ್ ಕಾಯುವವರು, ವೆಲ್ಡರ್‌ಗಳು, ಮಾಲ್‌ಗಳಲ್ಲಿ ಬಟ್ಟೆ ಮಡಿಸಿಡುವ ಹುಡುಗಿಯರು, ಸಾಫ್ಟ್‌ವೇರ್ ಕಂಪನಿಯವರು, ಅಲ್ಲಿನ ಹೌಸ್‌ಕೀಪಿಂಗ್‌ನವರು, ಕಾಲೇಜಿನ ಮಕ್ಕಳು. ನಾನು ಕಂಟೋನ್ಮೆಂಟ್ ಹತ್ತಿರದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ.

ಟ್ರೈನ್ ಹೊರಡುವುದು ಮಾರಿಕುಪ್ಪಂನಿಂದ. ಆಮೇಲೆ ಚಾಂಪಿಯನ್, ಊರ್ಗಾಂ, ಕೋರಮಂಡಲ್. ಮಾರಿಕುಪ್ಪಂನಲ್ಲಿ ಹತ್ತುವವರು ಮುಂದಿನ ಸ್ಟೇಷನ್ನಿನವರಿಗೆ ಟವಲ್ ಹಾಸಿ ಜಾಗ ಹಿಡಿದಿರುತ್ತಾರೆ. ನನಗೆ ಜಾಗ ಹಿಡಿಯುವ ಅಕ್ಕ ಹದಿನೈದು ವರ್ಷದಿಂದ ಒಂದೇ ಕಿಟಕಿಯ ಪಕ್ಕ ಕೂರುತ್ತಾರೆ. ಕೋರಮಂಡಲ್ ಹೊತ್ತಿಗೆ ಸೀಟು ತುಂಬಿರುತ್ತದೆ. ಬಂಗಾರಪೇಟೆಯಲ್ಲಿ ನಿಲ್ಲೋಕೂ ಜಾಗ ಸಾಲಲ್ಲ. ಆಮೇಲೆ ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್. ಅಲ್ಲಿ ಅರ್ಧ ಬೋಗಿ ಖಾಲಿ. 2023ರಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂದ ಮೇಲಂತೂ ಅಲ್ಲಿ ಇಳಿಯುವವರು ಇನ್ನೂ ಜಾಸ್ತಿ. ನನ್ನ ಸ್ಟೇಷನ್ ಬರುವ ಹೊತ್ತಿಗೆ ಮನೆ ಬಿಟ್ಟು ಎರಡೂವರೆ ಗಂಟೆ ದಾಟಿರುತ್ತದೆ. ಸಂಜೆ ಮತ್ತೆ ಅಷ್ಟೇ.

"ಬೆಂಗಳೂರಲ್ಲೇ ಮನೆ ಮಾಡಬಾರ್ದಾ?"

ಆಫೀಸಿಗೆ ಹೊಸದಾಗಿ ಸೇರಿದವರೆಲ್ಲ ಇದನ್ನು ಕೇಳುತ್ತಾರೆ. ಕಾಳಜಿಯಿಂದಲೇ ಕೇಳುತ್ತಾರೆ, ನನಗೆ ಗೊತ್ತು. ಒಬ್ಬರಿಗೆ ಬಾಡಿಗೆ ಜಾಸ್ತಿ ಅಂತ ಹೇಳಿದ್ದೇನೆ, ಇನ್ನೊಬ್ಬರಿಗೆ ಅಪ್ಪನಿಗೆ ವಯಸ್ಸಾಯ್ತು ಅಂತ. ಎರಡೂ ನಿಜವೇ. ಆದರೆ ಪೂರ್ತಿ ಉತ್ತರ ಕ್ಯಾಂಟೀನಿನಲ್ಲಿ ಟೀ ಕುಡಿಯುವ ಹೊತ್ತಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ಚಿನ್ನದ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. 1802ರಲ್ಲಿ ವಾರೆನ್ ಅನ್ನುವ ಬ್ರಿಟಿಷ್ ಅಧಿಕಾರಿ ಮಾರಿಕುಪ್ಪಂ ಸುತ್ತಮುತ್ತ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ವರದಿ ಬರೆದ. 1870ರ ದಶಕದಲ್ಲಿ ಲ್ಯಾವೆಲ್ ಅನ್ನುವ ಐರಿಷ್ ಮೂಲದ ಮಾಜಿ ಸೈನಿಕ ಮೈಸೂರು ಸರ್ಕಾರದಿಂದ ಲೈಸೆನ್ಸ್ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದ್ದೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಆಳಕ್ಕೆ ಇಳಿದರು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ, ಬಾಲಘಾಟ್ ಅಂತ ಒಂದೊಂದಾಗಿ ಗಣಿಗಳು ಎದ್ದವು. ಸುಮಾರು 120 ವರ್ಷದಲ್ಲಿ 800 ಟನ್ನಿಗೂ ಜಾಸ್ತಿ ಚಿನ್ನ ಈ ನೆಲದಿಂದ ಆಚೆ ಹೋಯಿತು.

ನಾನು ದಿನಾ ಹತ್ತುವ ಹಳಿ 1894ರದು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಮಾರಿಕುಪ್ಪಂಗೆ ಹಾಕಿದ ಈ ಸಣ್ಣ ಲೈನಿನಲ್ಲಿ ಗಣಿಯ ಯಂತ್ರಗಳು, ಸಾಮಾನುಗಳು ಬಂದವು. ಕರೆಂಟ್ ಬಂದಿದ್ದು 1902ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಿಸಿ, 140 ಕಿಲೋಮೀಟರಿಗೂ ಜಾಸ್ತಿ ದೂರ ತಂತಿ ಎಳೆದು ನೇರ ಗಣಿಗೆ ತಂದರು. ಆಗಿನ ಕಾಲಕ್ಕೆ ಜಗತ್ತಿನಲ್ಲೇ ಅಷ್ಟು ಉದ್ದದ ಲೈನು ಅಪರೂಪ. ಬೆಂಗಳೂರಿನ ಬೀದಿಗೆ ಕರೆಂಟ್ ಹೋಗಿದ್ದು ಅದಾದ 3 ವರ್ಷಕ್ಕೆ, 1905ರಲ್ಲಿ. ನಮ್ಮೂರಿನ ಹಿರಿಯರು ಈ ಲೆಕ್ಕ ಹೇಳುವಾಗ ಈಗಲೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

ಕಂಪನಿಯ ಸಾಹೇಬರಿಗೆ ಕ್ಲಬ್ಬು, ಗಾಲ್ಫ್ ಮೈದಾನ, ಹೆಂಚಿನ ಬಂಗಲೆಗಳಿದ್ದವು. ಅದಕ್ಕೇ ಊರನ್ನು ಲಿಟಲ್ ಇಂಗ್ಲೆಂಡ್ ಅಂತ ಕರೆದರು. ಫೋಟೋ ತೆಗೆಯಲು ಬರುವವರು ಇವತ್ತಿಗೂ ಆ ಬಂಗಲೆಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಆ ಹೆಸರು ಕೇಳಿದರೆ ನನಗೆ ಬೇಜಾರಾಗುತ್ತದೆ. ಊರು ಅಂದರೆ ಆ ನಾಲ್ಕು ಬಂಗಲೆ ಅಲ್ಲ. ಊರು ಅಂದರೆ ಲೈನ್ ಮನೆಗಳು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದವರು, ಅವರಲ್ಲಿ ಬಹಳ ಮಂದಿ ತಮ್ಮೂರಿನಲ್ಲಿ ಕೇರಿಯಾಚೆ ಇಟ್ಟಿದ್ದ ಜಾತಿಗಳವರು, ಮೊದಲು ಬಿದಿರಿನ ತಟ್ಟಿ ಕಟ್ಟಿಕೊಂಡು ಬಾಳಿದರು. ಒಂದು ಕೋಣೆ, ಅದರ ಒಂದು ಮೂಲೆಯಲ್ಲಿ ಒಲೆ, ಇಡೀ ಸಾಲಿಗೆ ಒಂದೋ ಎರಡೋ ನಲ್ಲಿ. ಗಣಿಯಲ್ಲಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ದುಡಿದ ಕಾಲ ಒಂದಿತ್ತು. ಅವರೆಲ್ಲ ಇದ್ದಿದ್ದು ಇಂಥ ಸಾಲುಗಳಲ್ಲೇ.

ನಮ್ಮ ತಾತ ಬೇತಮಂಗಲದ ಕಡೆಯ ಹಳ್ಳಿಯವರು. ರಾಗಿ ಹೊಲ ಬಿಟ್ಟು ಗಣಿಗೆ ಸೇರಿದರು. ಹಾಗಾಗಿ ಮನೆಯಲ್ಲಿ ಕನ್ನಡ, ಅದರಲ್ಲೂ ತೆಲುಗು ಬೆರೆತ ಕೋಲಾರದ ಕನ್ನಡ. ಬಾಗಿಲು ದಾಟಿದರೆ ತಮಿಳು. ನಾನು ಜಗಳ ಆಡಲು ಕಲಿತಿದ್ದೇ ತಮಿಳಿನಲ್ಲಿ. ಬೆಂಗಳೂರಿನಲ್ಲಿ ನಮ್ಮ ಟ್ರೈನಿನ ಗೆಳತಿಯರ ಜೊತೆ ನಾನು ಫೋನಿನಲ್ಲಿ ಮಾತಾಡುವುದು ಕೇಳಿಸಿಕೊಂಡವರು, ನೀವು ತಮಿಳರಾ ಅಂತ ಕೇಳುತ್ತಾರೆ. ಕೆಜಿಎಫ್‌ನವಳು ಅಂತ ಹೇಳುತ್ತೇನೆ. ನನ್ನ ಮಟ್ಟಿಗೆ ಅದೇ ಸರಿಯಾದ ಉತ್ತರ.

ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳಕ್ಕೆ ಒಂದೇ ಸಲ ಇಳಿಯಲು ಆಗುತ್ತಿರಲಿಲ್ಲ. ಒಂದು ಶಾಫ್ಟಿನಲ್ಲಿ ಕೇಜ್ ಹತ್ತಿ ಇಳಿದು, ಒಳಗೆ ನಡೆದು, ಇನ್ನೊಂದು ಶಾಫ್ಟಿನ ಕೇಜ್ ಹತ್ತಿ ಮತ್ತೆ ಇಳಿಯಬೇಕು. ಕೆಳಗೆ ಬಂಡೆ ಮುಟ್ಟಿದರೆ ಸುಡುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ಕಳಿಸಲು ದೊಡ್ಡ ಯಂತ್ರಗಳನ್ನೇ ಇಟ್ಟಿದ್ದರು. ಇದನ್ನೆಲ್ಲ ನಾನು ಮೊದಲು ಚಿಕ್ಕವಳಿದ್ದಾಗ ಕಥೆಯ ಹಾಗೆ ಕೇಳಿದ್ದು. ನೇರ ಟ್ರೈನ್ ಸಿಗದ ದಿನ ಬಂಗಾರಪೇಟೆಯಲ್ಲಿ ಒಂದು ಟ್ರೈನ್ ಇಳಿದು ಇನ್ನೊಂದಕ್ಕೆ ಓಡಲು ಶುರು ಮಾಡಿದ ಮೇಲೆ ಒಂದು ದಿನ ಅಪ್ಪನಿಗೆ, "ನಿಮ್ಮ ಗಣೀಲೂ ಹಿಂಗೇ ಅಲ್ವಾ, ಒಂದು ಇಳಿದು ಇನ್ನೊಂದು ಹತ್ತೋದು" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು.

"ಹಿಂಗೇ ಕಣಮ್ಮಾ. ಆದ್ರೆ ಒಂದು ವ್ಯತ್ಯಾಸ ಇದೆ. ನಮ್ಮೋರು ಕೇಜಿಗೆ ಕಾಲಿಟ್ರೆ ಶಿಫ್ಟ್ ಶುರು. ಮೇಲೆ ಬಂದು ಕಾಲು ಆಚೆ ಇಟ್ರೆ ಶಿಫ್ಟ್ ಮುಗೀತು. ನಡುವೆ ಇಳಿಯೋದು, ನಡೆಯೋದು, ಹತ್ತೋದು ಎಲ್ಲಾ ಡ್ಯೂಟಿಯೇ. ನಿನ್ನ ಶಿಫ್ಟ್ ಎಲ್ಲಿ ಶುರು ಆಗುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಶಿಫ್ಟು ಆಫೀಸಿನ ಯಂತ್ರಕ್ಕೆ ಬೆರಳು ಒತ್ತಿದಾಗ ಶುರು. ಅದಕ್ಕೆ ಮುಂಚಿನ ಎರಡೂವರೆ ಗಂಟೆ, ಅದಾದ ಮೇಲಿನ ಎರಡೂವರೆ ಗಂಟೆ ಯಾರ ಲೆಕ್ಕಕ್ಕೂ ಸೇರಿಲ್ಲ. ದಿನಕ್ಕೆ 5 ಗಂಟೆ. ವಾರಕ್ಕೆ 6 ದಿನ ಹೋಗುವವರಿಗೆ 30 ಗಂಟೆ. ನಮ್ಮ ಬೋಗಿಯಲ್ಲಿ ಇರುವವರೆಲ್ಲರ ಗಂಟೆಗಳನ್ನು ಒಂದು ದಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೂಡಿಸುತ್ತಾ ಹೋದೆ. ಲೆಕ್ಕ ಬರೆಯುವುದು ನನ್ನ ಕೆಲಸ ತಾನೇ. ಟೇಕಲ್ ದಾಟುವಷ್ಟರಲ್ಲಿ ಮನಸ್ಸು ಭಾರವಾಗಿ ಪುಸ್ತಕ ಮುಚ್ಚಿಟ್ಟೆ.

ಕಲ್ಲಿದ್ದಲಿನ ಊರುಗಳಲ್ಲೂ ಹೀಗೇ ಆಗಿದೆ. ವೇಲ್ಸ್ ದೇಶದ ರೋಂಡಾ ಕಣಿವೆಯ ಹಳ್ಳಿಗಳು ಒಂದು ಕಾಲದಲ್ಲಿ ಕಲ್ಲಿದ್ದಲಿಗೆ ಜಗತ್ತಿಗೇ ಹೆಸರುವಾಸಿ. ಅಲ್ಲಿನ ಗಣಿಗಳೆಲ್ಲ ಮುಚ್ಚಿದವು. ಈಗ ಬೆಳಗಾದರೆ ಅಲ್ಲಿನವರು ಟ್ರೈನ್ ಹತ್ತಿ ಕಾರ್ಡಿಫ್‌ಗೆ ಕೆಲಸಕ್ಕೆ ಹೋಗುತ್ತಾರೆ. ಅವರ ಹಳಿಯೂ ಗಣಿಗೆ ಅಂತಲೇ ಹಾಕಿದ್ದ ಹಳಿ. ಅದನ್ನು ಓದಿದ ದಿನ, ಎಲ್ಲೋ ದೂರದಲ್ಲಿ ನಮ್ಮ ಕಡೆಯ ನೆಂಟರು ಸಿಕ್ಕಿದ ಹಾಗಾಯಿತು.

ಅಪ್ಪ ಗಣಿಯನ್ನು ಹೊಗಳುವುದಿಲ್ಲ, ಇದನ್ನೂ ಹೇಳಬೇಕು. ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್. ನಮ್ಮೂರಿನವರು ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಕೆಳಗೆ ಸಿಡಿದರೆ ಮೇಲೆ ಮನೆಯ ಅಡುಗೆಕಟ್ಟೆಯ ಪಾತ್ರೆಗಳು ಗಲಗಲ ಅಲ್ಲಾಡುತ್ತಿದ್ದವು. ನನಗೆ ನೆನಪಿದೆ. ಪಾತ್ರೆ ಅಲ್ಲಾಡಿದ ತಕ್ಷಣ ಅಮ್ಮ ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಬೀದಿಗೆ ಬರುತ್ತಿದ್ದರು. ಬೀದಿಯಲ್ಲಿ ಆಗಲೇ ಎಲ್ಲಾ ಮನೆಯ ಹೆಂಗಸರು ನಿಂತಿರುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಶಾಫ್ಟಿನ ಕಡೆ ನೋಡುತ್ತಿದ್ದರು, ಚಕ್ರ ತಿರುಗುತ್ತಿದೆಯಾ ಅಂತ. ಚಕ್ರ ತಿರುಗಿದರೆ ಕೇಜ್ ಓಡುತ್ತಿದೆ ಅಂತ ಅರ್ಥ. ಬಂಡೆಗೆ ಸಿಕ್ಕವರಿದ್ದರು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ಗೆ ಸಿಕ್ಕಿ, ಐವತ್ತಕ್ಕೇ ಮೆಟ್ಟಿಲು ಹತ್ತಲಾಗದೆ ಕೂತವರು ನಮ್ಮ ಸಾಲಿನಲ್ಲೇ ನಾಲ್ಕು ಜನ ಇದ್ದರು. ಮಗಳು ಟ್ರೈನಿನಲ್ಲಿ ಹೋಗಿ ಬರುವುದೇ ಸಾವಿರ ಪಾಲು ಮೇಲು ಅಂತ ಅಪ್ಪ ಹೇಳುತ್ತಾರೆ. ನಾನು ಒಪ್ಪುತ್ತೇನೆ.

ಆದರೆ ಹೆಮ್ಮೆಯೂ ಇದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಹೆಚ್ಚು ಕೆಳಗೆ, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ನ್ಯೂಟ್ರಿನೋ ಅನ್ನುವ, ಕಣ್ಣಿಗೆ ಕಾಣದ ಅತಿ ಸಣ್ಣ ಕಣಗಳ ಗುರುತು ಹಿಡಿದರು. ವಾತಾವರಣದಲ್ಲಿ ಹುಟ್ಟುವ ಆ ಕಣಗಳನ್ನು ಜಗತ್ತಿನಲ್ಲಿ ಮೊದಲು ಕಂಡವರಲ್ಲಿ ಅವರೂ ಇದ್ದರು. 1980ರ ದಶಕದಲ್ಲೂ ಅಲ್ಲಿ ಪ್ರಯೋಗ ನಡೆದವು. ಆಗ ಅವರನ್ನು ಇಳಿಸಿ ಎತ್ತಿದವರಲ್ಲಿ ನಮ್ಮಪ್ಪನೂ ಒಬ್ಬರು. "ಅವರಿಗೂ ಮೂರೇ ಬೆಲ್" ಅನ್ನುತ್ತಾರೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಎಷ್ಟೋ ಜಾಸ್ತಿ ಆಗಿತ್ತು. ಆ ಹೊತ್ತಿಗೆ ಉಳಿದಿದ್ದವರು ಮೂರು ಸಾವಿರಕ್ಕೂ ಹೆಚ್ಚು ಜನ. ಕೊನೆಯ ದಿನ ಅಪ್ಪ ಮನೆಗೆ ಬಂದು ಊಟ ಮಾಡಿದರು, ಮಲಗಿದರು. ರಾತ್ರಿ ಎದ್ದು ಕೂತು, "ಪಂಪ್ ನಿಲ್ಲಿಸಿದ್ರೆ ನೀರು ಏರುತ್ತೆ" ಅಂದರಂತೆ. ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಒಳಗಿನ ನೀರನ್ನು ಹಗಲೂ ರಾತ್ರಿ ಎತ್ತಿ ಹಾಕುತ್ತಿದ್ದ ಪಂಪುಗಳು ನಿಂತರೆ ಸುರಂಗಗಳೆಲ್ಲ ತುಂಬುತ್ತವೆ. ಹಾಗೇ ಆಯಿತು. ತಾವು ನೂರಾರು ಜನರನ್ನು ಇಳಿಸಿ ಬಿಡುತ್ತಿದ್ದ ಜಾಗಗಳೆಲ್ಲ ನೀರಿನಡಿ ಹೋಗಿದ್ದನ್ನು ಅವರು ಈಗಲೂ ಸುಲಭವಾಗಿ ಮಾತಾಡುವುದಿಲ್ಲ.

ಸೈರನ್ ನಿಂತಿತು. ಅಮ್ಮ ಗಡಿಯಾರ ನೋಡಿದವರೇ ಅಲ್ಲ. ಒಂದು ಸೈರನ್ನಿಗೆ ಮುದ್ದೆಗೆ ಎಸರು, ಇನ್ನೊಂದಕ್ಕೆ ನಲ್ಲಿ ಹತ್ತಿರ ಕೊಡ. ಸೈರನ್ ನಿಂತ ಮೊದಲ ವಾರ ನಮ್ಮ ಮನೆಯಲ್ಲಿ ಅಡುಗೆ ಹೊತ್ತಿಗೆ ಸರಿಯಾಗಿ ಆಗಲೇ ಇಲ್ಲ. ಬೀದಿ ತುಂಬಾ ಗಂಡಸರು ಹಗಲು ಹೊತ್ತಿನಲ್ಲಿ ಜಗಲಿ ಮೇಲೆ ಕೂತಿದ್ದರು. ನಾನು ಆಗ ಬಿಕಾಂ ಮುಗಿಸಿದ್ದೆ. ಅಷ್ಟು ಗಂಡಸರನ್ನು ಒಟ್ಟಿಗೆ ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು.

ಆಮೇಲೆ ಒಬ್ಬೊಬ್ಬರಾಗಿ ಟ್ರೈನ್ ಹತ್ತಿದರು. ಮುಂಚೆಯೂ ಹೋಗಿ ಬರುವವರಿದ್ದರು, ಇಲ್ಲ ಅಂತಲ್ಲ. ಊರಿನಲ್ಲಿ ಬುಲ್ಡೋಜರ್‌ನಂಥ ದೊಡ್ಡ ಯಂತ್ರಗಳನ್ನು ಮಾಡುವ ಬೆಮೆಲ್ ಕಾರ್ಖಾನೆಯೂ ಇತ್ತು, ಈಗಲೂ ಇದೆ. ಆದರೆ ಅದಕ್ಕೆ ಎಷ್ಟು ಜನ ಸೇರಬಹುದು? ಡೈನಮೈಟ್ ಇಟ್ಟು ಬಂಡೆ ಒಡೆದವರು, 3 ಕಿಲೋಮೀಟರ್ ಆಳದಲ್ಲಿ ಮರದ ದಿಮ್ಮಿ ಕೊಟ್ಟು ಚಾವಣಿ ನಿಲ್ಲಿಸಿದವರು, ಐವತ್ತರ ವಯಸ್ಸಿನಲ್ಲಿ ಹೊಸ ಯೂನಿಫಾರಂ ಹೊಲಿಸಿಕೊಂಡು ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿಗೆ ಹೋದರು. ಪಕ್ಕದ ಮನೆಯ ಮಾಮ ಹೊರಟ ದಿನ ಶೂ ಲೇಸ್ ಕಟ್ಟಿಕೊಳ್ಳುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಬಿಸಿಲಲ್ಲಿ ನಿಂತ್ಕೊಂಡು ಕೆಲಸ ಮಾಡಿ ಅಭ್ಯಾಸ ಇಲ್ಲಮ್ಮಾ, ನೋಡ್ಬೇಕು." ಅದೇ ವರ್ಷ ನಾನೂ ಹತ್ತಿದೆ.

ಒಂದು ಸಲ ಬೆಂಗಳೂರಿನಲ್ಲಿ ಮನೆ ಮಾಡಿಯೂ ನೋಡಿದ್ದೇನೆ. 2009ರಲ್ಲಿ. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಅಪ್ಪ ಜೊತೆಗೆ ಬರಲು ಒಪ್ಪಲಿಲ್ಲ. "ನೀನು ಹೋಗು, ನಾನು ಇಲ್ಲಿ ಬೀಗ ಹಾಕದಂಗೆ ನೋಡ್ಕೋತೀನಿ" ಅಂದರು. ಕೆ.ಆರ್. ಪುರದ ಹತ್ತಿರ ಮೂರನೇ ಮಹಡಿಯಲ್ಲಿ ಒಂದು ರೂಮು. ಬೆಳಗ್ಗೆ ಏಳಕ್ಕೆ ಎದ್ದರೆ ಸಾಕಾಗುತ್ತಿತ್ತು. ಮೊದಲ ತಿಂಗಳು ಅದೇ ಒಂದು ಹಬ್ಬ. ಅಷ್ಟೊಂದು ನಿದ್ದೆ ನಾನು ಮಾಡಿಯೇ ಇರಲಿಲ್ಲ. ಎಂಟು ತಿಂಗಳು ಅಲ್ಲಿದ್ದೆ. ಎದುರು ಮನೆಯವರ ಹೆಸರು ಖಾಲಿ ಮಾಡುವ ದಿನ ಗೊತ್ತಾಯಿತು.

ವಾಪಸ್ ಬಂದಿದ್ದು ಯಾಕೆ ಅಂದರೆ, ಒಂದು ರಾತ್ರಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟು. ಸುದ್ದಿ ಗೊತ್ತಾಗಿ ನಾನು ಮೊದಲ ಟ್ರೈನ್ ಹಿಡಿದು ಬರುವ ಹೊತ್ತಿಗೆ ಅವರು ಆಸ್ಪತ್ರೆಯ ಮಂಚದ ಮೇಲಿದ್ದರು. ಎಕ್ಸ್‌ರೇ ಆಗಿತ್ತು, ಗಂಜಿ ಕುಡಿಸಿದ್ದರು, ಬಟ್ಟೆ ಬದಲಾಯಿಸಿದ್ದರು. ಮಂಚದ ಪಕ್ಕ ಒಂದು ಸಿಗರೇಟ್ ಪ್ಯಾಕಿನ ಒಳಗಿನ ಕಾಗದ ಸಿಕ್ಕಿಸಿತ್ತು. ಅದರ ಮೇಲೆ ಪೆನ್ಸಿಲ್‌ನಲ್ಲಿ ಮೂರು ಸಾಲು. ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್. ಒಂದೊಂದರ ಮುಂದೆ ಇಬ್ಬಿಬ್ಬರ ಹೆಸರು. ನಮ್ಮ ಸಾಲಿನ ಹಳೆಯ ಗಣಿಯವರು ಅಪ್ಪನನ್ನು ನೋಡಿಕೊಳ್ಳಲು ಡ್ಯೂಟಿ ಹಾಕಿಕೊಂಡಿದ್ದರು. ಒಂದು ಕಾಲದಲ್ಲಿ ಅವರನ್ನೆಲ್ಲ ಅಪ್ಪ ದಿನಾ ಕೆಳಗಿಳಿಸಿ, ದಿನಾ ಮೇಲೆ ತಂದಿದ್ದರು. ಒಬ್ಬರು ನನ್ನನ್ನು ನೋಡಿ, "ನೀನು ಯಾಕಮ್ಮಾ ರಜ ಹಾಕಿ ಬಂದೆ, ನಾವಿದ್ವಲ್ಲ" ಅಂದರು.

ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಮುಂದಿನ ತಿಂಗಳು ರೂಮ್ ಖಾಲಿ ಮಾಡಿ ಮತ್ತೆ ಮಂತ್ಲಿ ಪಾಸ್ ಮಾಡಿಸಿದೆ.

ಊರಿನಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಸೈನೈಡ್ ಗುಡ್ಡಗಳಿವೆ. ಅದಿರನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಮಣ್ಣನ್ನು ನೂರು ವರ್ಷ ಊರ ಪಕ್ಕದಲ್ಲೇ ಸುರಿದರು. 13 ಗುಡ್ಡ, ಮೂರು ಕೋಟಿ ಟನ್ನಿಗೂ ಜಾಸ್ತಿ ಮಣ್ಣು. ಮೇಲೆ ಮರ ಬೆಳೆಯುವುದು ಕಷ್ಟ. ಆಷಾಢದ ಗಾಳಿ ಬೀಸಿದರೆ ಬೂದಿ ಬಣ್ಣದ ಸಣ್ಣ ಪುಡಿ ಏಳುತ್ತದೆ. ಕಿಟಕಿ ಮುಚ್ಚಿದರೂ ಅನ್ನದ ತಟ್ಟೆಯ ಅಂಚಿಗೆ ಬಂದು ಕೂರುತ್ತದೆ. ಒಗೆದ ಬಟ್ಟೆಯನ್ನು ಕೊಡವಿ ಮಡಿಸುವುದು ನಮ್ಮೂರಿನ ಹೆಂಗಸರ ಅಭ್ಯಾಸ. ಬೆಂಗಳೂರಿನ ರೂಮಿನಲ್ಲೂ ನಾನು ಕೊಡವಿಯೇ ಮಡಿಸುತ್ತಿದ್ದೆ.

2024ರ ಜೂನ್‌ನಲ್ಲಿ ಈ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸುಮಾರು ಸಾವಿರ ಎಕರೆ ಜಾಗ. ಮರುದಿನ ಟ್ರೈನಿನಲ್ಲಿ ಬೇರೆ ಮಾತೇ ಇಲ್ಲ. ಕೆಲಸ ಸಿಗುತ್ತಾ, ಎಷ್ಟು ಜನಕ್ಕೆ, ಧೂಳು ಕಡಿಮೆ ಆಗುತ್ತಾ, ಜಾಸ್ತಿ ಆಗುತ್ತಾ. ನನ್ನ ಎದುರು ಕೂತಿದ್ದ ಹುಡುಗನ ವಯಸ್ಸು ಇಪ್ಪತ್ತಮೂರು ಇರಬಹುದು. ಅವನು ಹುಟ್ಟಿದಾಗ ಗಣಿ ಮುಚ್ಚಿತ್ತು. ಅವನೂ ಕೇಳಿದ, ಊರಲ್ಲೇ ಕೆಲಸ ಸಿಕ್ಕರೆ ಹೇಗಿರುತ್ತೆ ಅಂತ. ಉತ್ತರ ಹೇಳಿದವರು ಜಾಗ ಹಿಡಿಯುವ ಅಕ್ಕ. "ಬೆಳಗ್ಗೆ ಏಳು ಗಂಟೆಗೆ ನಿನ್ನ ಅಮ್ಮನ ಮುಖ ನೋಡಬಹುದು." ಇಡೀ ಬೋಗಿ ನಕ್ಕಿತು, ಆಮೇಲೆ ಸುಮ್ಮನಾಯಿತು.

ಇನ್ನೊಂದು ಕಡೆ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಬಂದಿದೆ. ತಾತ ಬಿಟ್ಟು ಬಂದ ರಾಗಿ ಹೊಲಗಳ ಆಸುಪಾಸಿನಲ್ಲಿ ಸೈಟಿನ ಬೋರ್ಡುಗಳು ನಿಂತಿವೆ. ಬೆಂಗಳೂರಿಗೆ ಇಷ್ಟೇ ನಿಮಿಷ ಅಂತ ಬರೆದಿರುತ್ತಾರೆ. ಆ ರಸ್ತೆಯಲ್ಲಿ ಬೈಕಿಗೆ ಅವಕಾಶ ಇಲ್ಲ, ಆಟೋಗೂ ಇಲ್ಲ. ಕಾರು ಇದ್ದವರಿಗೆ ಬೆಂಗಳೂರು ಹತ್ತಿರ ಬಂತು. ನಮಗೆ ಬೇಕಾಗಿರುವುದು ಇನ್ನೆರಡು ಟ್ರೈನು. ಬೆಳಗ್ಗೆ ಒಂದು, ರಾತ್ರಿ ಎಂಟರ ಮೇಲೆ ಒಂದು, ಬಂಗಾರಪೇಟೆಯಲ್ಲಿ ಇಳಿಸದೆ ನೇರ ಮಾರಿಕುಪ್ಪಂಗೆ ಹೋಗುವಂಥದ್ದು. 130 ವರ್ಷದ ಹಿಂದೆ ಯಂತ್ರ ತರಲು ಹಳಿ ಹಾಕಿದ್ದರು. ಅದೇ ಹಳಿ ಮೇಲೆ ಜನರಿಗೆ ಇನ್ನೆರಡು ಟ್ರೈನ್ ಬಿಡಿ ಅಂತ ಕೇಳುವುದು ದೊಡ್ಡ ಆಸೆ ಅಂತ ನನಗೆ ಅನ್ನಿಸುವುದಿಲ್ಲ. ನಾವು ದಿನಾ 5 ಗಂಟೆ ಕೊಟ್ಟು ಒಂದು ಊರನ್ನು ಖಾಲಿ ಆಗದಂತೆ ಹಿಡಿದಿಟ್ಟುಕೊಂಡಿದ್ದೇವೆ. ಸಂಜೆ ದೀಪ ಹಚ್ಚುವವರು ಇದ್ದಾರೆ, ಶಾಲೆಗೆ ಮಕ್ಕಳಿದ್ದಾರೆ, ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ಭಾನುವಾರ ಕಾಲಿಡಲು ಜಾಗ ಇರಲ್ಲ. ನಮ್ಮ ಸಂಬಳದ ದುಡ್ಡು ಅಲ್ಲೇ ಖರ್ಚಾಗುವುದು.

ಸಂಜೆಯ ಟ್ರೈನ್ ಬೆಳಗಿನ ಹಾಗಲ್ಲ. ಅದರಲ್ಲಿ ಮಾತಿದೆ. ಚಳಿಗಾಲದಲ್ಲಿ ಯಾರಾದರೂ ಬಂಗಾರಪೇಟೆಯಿಂದ ಅವರೆಕಾಯಿ ಹಿಡಿದು ಬರುತ್ತಾರೆ. ಟವಲ್ ಹಾಸಿ ನಾಲ್ಕು ಜನ ಬಿಡಿಸಲು ಕೂರುತ್ತೇವೆ. ಕೈಯೆಲ್ಲ ಸೊಗಡು. ಬೋಗಿ ತುಂಬಾ ಅದೇ ವಾಸನೆ. ನನ್ನ ಮನೆಯ ಹುಳಿಗೆ ಬೇಕಾದ ಕಾಳನ್ನು ಯಾರ ಕೈ ಬಿಡಿಸಿತು ಅಂತ ನನಗೇ ಗೊತ್ತಿರಲ್ಲ. ಒಬ್ಬರ ಮಗಳ ಮದುವೆಗೆ ಸೀರೆ ಆರಿಸಿದ್ದು ಈ ಬೋಗಿಯಲ್ಲಿ, ಇನ್ನೊಬ್ಬರ ಕೆಲಸ ಹೋದಾಗ ಬೇರೆ ಕಡೆ ಹೇಳಿ ಕೊಡಿಸಿದ್ದೂ ಈ ಬೋಗಿಯಲ್ಲೇ.

ಬಂಗಾರಪೇಟೆ ದಾಟಿದ ಮೇಲೆ ಬೋಗಿ ಹಗುರಾಗುತ್ತದೆ. ಆಗ ಹುಡುಗರು ನಿದ್ದೆ ಹೋಗುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಎದ್ದವರು, ಪಾಪ. ಅವರನ್ನು ಎಬ್ಬಿಸುವುದು ಎಚ್ಚರ ಇರುವವರ ಕೆಲಸ. ಹಾಗಂತ ಯಾರೂ ಮಾತಾಡಿಕೊಂಡಿಲ್ಲ, ಆದರೆ ಯಾರೂ ತಪ್ಪಿಸುವುದಿಲ್ಲ. ಯಾರು ಎಲ್ಲಿ ಇಳಿಯಬೇಕು ಅಂತ ನಮಗೆಲ್ಲ ಗೊತ್ತಿರುತ್ತದೆ.

ಕಳೆದ ವಾರ ಮಾತ್ರ ಒಬ್ಬ ತಪ್ಪಿಹೋದ. ಹೊಸ ಹುಡುಗ. ಕೆಲಸಕ್ಕೆ ಸೇರಿ ನಾಲ್ಕನೇ ದಿನವಂತೆ. ಬಾಗಿಲ ಪಕ್ಕ ಕೂತು, ಬ್ಯಾಗ್ ತಬ್ಬಿಕೊಂಡು ಮಲಗಿಬಿಟ್ಟಿದ್ದ. ಅವನದು ಯಾವ ಸ್ಟೇಷನ್ ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಇಳಿಯುವ ಮುಂಚೆ ಭುಜ ತಟ್ಟಿ, "ತಮ್ಮಾ, ಚಾಂಪಿಯನ್ ಬಂತು" ಅಂದೆ. ಗಾಬರಿಯಿಂದ ಎದ್ದ.

"ಊರ್ಗಾಂ ಹೋಯ್ತಾ ಅಕ್ಕಾ?"

"ಹೋಯ್ತು. ಬಾ, ಇಳಿ. ನಡ್ಕೊಂಡು ಹೋಗಬಹುದು."

ಪ್ಲಾಟ್‌ಫಾರಂ ಮೇಲೆ ಅವನು ಕಣ್ಣುಜ್ಜಿಕೊಂಡು ನಿಂತ. ಯಾರ ಮಗ ಅಂತ ಕೇಳಿದೆ. ಹೇಳಿದ. ಅವನ ತಾತನ ಹೆಸರು ಕೇಳಿದ್ದೆ, ಅಪ್ಪ ಹೇಳುತ್ತಿದ್ದ ಹೆಸರು. ಊರ್ಗಾಂ ಕಡೆಗೆ ಹೋಗುವವರು ಇನ್ನಿಬ್ಬರು ಸಿಕ್ಕರು. ಅವರ ಜೊತೆ ಮಾಡಿ ಕಳಿಸಿದೆ. ಗುಡ್ಡದ ಪಕ್ಕದ ದಾರಿಯಲ್ಲಿ ಅವರ ಮೊಬೈಲಿನ ಬೆಳಕು ಸ್ವಲ್ಪ ದೂರದವರೆಗೆ ಕಾಣುತ್ತಿತ್ತು. ಟ್ರೈನ್ ಮಾರಿಕುಪ್ಪಂಗೆ ಹೊರಟಿತು, ಅದೇ ಅದರ ಕೊನೆಯ ಸ್ಟೇಷನ್.